ನಾಲ್ಕನೇ ಇಯತ್ತೆಯ ಹೊಸ್ತಿಲು

ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂಬತ್ತು ಗಂಟೆಗೆಲ್ಲ ಮಗ್ಗಗಳ ಕೆಲಸ ರಂಗೇರಿರುತ್ತದೆ. ಒಂದು ಮನೆಯ ಖಟಖಟ ಹಿಂದೆ ಬೀಳುವ ಮೊದಲೇ ಮುಂದಿನ ಮನೆಯದು ಎದುರಾಗುತ್ತದೆ. ಕಟ್ಟೆಯ ಮೇಲೆ ನೂಲಿನ ಲಡಿ, ಗಟಾರದಲ್ಲಿ ಹರಿದುಹೋದ ಬಣ್ಣದ ನೀರಿನ ಘಾಟು, ಯಾವುದೋ ಒಲೆಯ ಮೇಲಿಂದ ಬರುವ ಜೋಳದ ರೊಟ್ಟಿಯ ಕಮ್ಮನೆಯ ವಾಸನೆ. ಇವೆಲ್ಲದರ ನಡುವೆ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆಗೆ ರಿಬ್ಬನ್ ಬಿಗಿದುಕೊಂಡ ಹುಡುಗಿಯೊಬ್ಬಳು ತಮ್ಮನ ಕೈ ಜಗ್ಗುತ್ತ ಸಾಲಿಗೆ ಹೊರಟಿದ್ದಾಳೆ. ತಮ್ಮನ ಒಂದು ಕಾಲಿನ ಸಾಕ್ಸು ಮೊಣಕಾಲಿಗೆ, ಇನ್ನೊಂದರದು ಬೂಟಿನೊಳಗೆ. ಅವನ ಕಣ್ಣು ಕಿರಾಣಿ ಅಂಗಡಿಯ ಬರಣಿಯ ಮೇಲೆ.

ಎಲ್ಲ ದಿನವೂ ಹೀಗೆ ಹೊತ್ತಿಗೆ ಸರಿಯಾಗಿ ಹೊರಡಲಾಗದು. ಗದಗ-ಬೆಟಗೇರಿಯಲ್ಲಿ ತುಂಗಭದ್ರೆಯ ನೀರು ನಳಕ್ಕೆ ದಿನವೂ ಬರುವುದಿಲ್ಲ. ದಿನಗಟ್ಟಲೆ ಕಾದ ಮೇಲೆ ಬಂದಾಗ ಕೊಡ, ಬಕೆಟ್ಟು, ಬ್ಯಾರಲ್ ಎಲ್ಲ ತುಂಬಲೇಬೇಕು. ತುಂಬುವ ಕೈಗಳಲ್ಲಿ ಮಕ್ಕಳ ಕೈಗಳೂ ಸೇರುತ್ತವೆ. ಅಂಥ ದಿನ ತಡವಾಗಿ ಬಂದ ಮಗು ಬಾಗಿಲಲ್ಲಿ ನಿಂತು "ನಳಾ ಬಂದಿತ್ರಿ ಅಕ್ಕೋರ" ಎಂದರೆ ಸಾಕು, ಬೇರೆ ಕಾರಣ ಯಾರೂ ಕೇಳುವುದಿಲ್ಲ. ಅಕ್ಕೋರ ಮನೆಗೂ ಅದೇ ನಳ.

ಗದಗ ರೈಲ್ವೆ ಜಂಕ್ಷನ್ನಿನ ಊರು. ಹಳಿಯ ತುಂಡೊಂದನ್ನು ತೂಗುಹಾಕಿ ಅದನ್ನೇ ಗಂಟೆ ಮಾಡಿಕೊಂಡ ಸಾಲಿಗಳನ್ನು ಈ ಕಡೆ ಇನ್ನೂ ನೋಡಬಹುದು. ಅದರ ಠಣಠಣ ಕೇಳಿದೊಡನೆ ಬಯಲಲ್ಲಿ ಚೆದುರಿದ್ದ ಗದ್ದಲ ಸಾಲುಸಾಲಾಗಿ ನಿಲ್ಲುತ್ತದೆ. ನಾಡಗೀತೆ, ರಾಷ್ಟ್ರಗೀತೆ, ಪಂಚಾಂಗ, ಸುದ್ದಿ. 2023ರಿಂದ ಇವುಗಳ ಜೊತೆಗೆ ಸಂವಿಧಾನದ ಪ್ರಸ್ತಾವನೆಯ ಓದೂ ಸೇರಿದೆ. ಮುಂದೆ ನಿಂತ ಹುಡುಗಿ ಒಂದೊಂದು ತುಂಡಾಗಿ ಹೇಳಿಕೊಡುತ್ತಾಳೆ, ಹಿಂದಿನಿಂದ ನೂರು ದನಿಗಳು ಎತ್ತಿಕೊಳ್ಳುತ್ತವೆ. ಸಣ್ಣವರ ಸಾಲಿನಲ್ಲಿ 'ಸಾರ್ವಭೌಮ' ಹತ್ತು ಬಗೆಯಾಗಿ ಕೇಳಿಸುತ್ತದೆ. ಹುಡುಗಿಯ ಕೈಯಲ್ಲಿ ಹಾಳೆ ಇದೆ, ಅವಳ ಕಣ್ಣು ಮಾತ್ರ ಹಾಳೆಯ ಮೇಲಿಲ್ಲ. ಎಲ್ಲ ಬಾಯಿಪಾಠ. ಓದುವುದು ಬೇರೆ, ಒಪ್ಪಿಸುವುದು ಬೇರೆ. ಇವೆರಡರ ನಡುವಿನ ಅಂತರ ದಿನವಿಡೀ ನಮ್ಮ ಜೊತೆಗೇ ಬರಲಿದೆ.

ಪ್ರಾರ್ಥನೆ ಮುಗಿಯುತ್ತಲೇ ಸ್ಟೀಲಿನ ಲೋಟಗಳ ಸದ್ದು. ದೊಡ್ಡ ಪಾತ್ರೆಯಲ್ಲಿ ಹಾಲಿನ ಪುಡಿ ಕದಡಿ ಕಾಯಿಸಿದ ಹಾಲಿನ ಹಬೆ ಅಂಗಳದವರೆಗೆ ಬರುತ್ತದೆ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಇದು. ಮಗುವೊಂದಕ್ಕೆ 18 ಗ್ರಾಂ ಪುಡಿಯ 150 ಮಿಲಿಲೀಟರ್ ಹಾಲು. 2024ರಿಂದ ವಾರದಲ್ಲಿ ಮೂರು ದಿನ ಹಾಲಿಗೆ ರಾಗಿ ಮಾಲ್ಟ್ ಬೆರೆಯುತ್ತದೆ. ಕುಡಿದು ಮುಗಿಸಿದವರ ಮೇಲ್ದುಟಿಯ ಮೇಲೆ ಮೀಸೆ ಮೂಡಿರುತ್ತದೆ. ಯಾರ ಮೀಸೆ ದೊಡ್ಡದೆಂಬ ತಕರಾರು ಮೊದಲನೇ ಪಿರಿಯಡ್ಡಿನವರೆಗೂ ನಡೆಯುತ್ತದೆ.

ಅಕ್ಷರ ಈ ಸೀಮೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಛಾಪಖಾನೆಗಳು ಹೆಚ್ಚಿದ್ದರಿಂದ ಗದಗಿಗೆ ಮುದ್ರಣ ಕಾಶಿ ಎಂಬ ಹೆಸರೇ ಬಂತು. ಬಾಸೆಲ್ ಮಿಶನ್ನಿನವರು 1841ರಲ್ಲೇ ಬೆಟಗೇರಿಯಲ್ಲಿ ನೆಲೆ ಮಾಡಿ ಶಾಲೆ ನಡೆಸಿದರು. ಈಗ ಒಂದೇ ಜಿಲ್ಲೆಯಲ್ಲಿರುವ ನಾಲ್ಕು ಊರುಗಳಿಗೆ ಆಗ ಮೂವರು ಒಡೆಯರು: ಗದಗ, ಮುಂಡರಗಿ ಮುಂಬೈ ಇಲಾಖೆಗೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ. ದರಬಾರಿನ ಭಾಷೆ ಮರಾಠಿ, ಓಣಿಯ ಭಾಷೆ ಕನ್ನಡ. ಮರಾಠಿಯೇ ಮೇಲಾಗಿದ್ದ ಧಾರವಾಡ ಸೀಮೆಯ ಶಾಲೆಗಳಲ್ಲಿ ಕನ್ನಡ ಬೇರೂರಲೆಂದು ಡೆಪ್ಯುಟಿ ಚನ್ನಬಸಪ್ಪನವರು ಹತ್ತೊಂಬತ್ತನೆಯ ಶತಮಾನದಲ್ಲಿ ಪಟ್ಟ ಪಾಡು ದೊಡ್ಡದು. ಆಮೇಲಿನ ಎಷ್ಟೋ ವರ್ಷ ಹಳ್ಳಿಗರಿಗೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯೇ ದೊಡ್ಡ ಮೆಟ್ಟಿಲಾಗಿತ್ತು. ಮುಲ್ಕಿ ಪಾಸಾದವನಿಗೆ ಊರಲ್ಲಿ ಗೌರವ, ಅದೃಷ್ಟವಿದ್ದರೆ ಮಾಸ್ತರಿಕೆ. ಆ ಪರೀಕ್ಷೆ ಹೋಯಿತು. ತರಗತಿಗೆ 'ಇಯತ್ತೆ' ಎನ್ನುವ ಮಾತು ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ.

ಗದಗಿನಿಂದ ಲಕ್ಷ್ಮೇಶ್ವರದ ಹಾದಿ ಹಿಡಿದರೆ ಎರಡೂ ಬದಿ ಎರೆ ಹೊಲ, ಹೊಲದಾಚೆ ಗಾಳಿಗಿರಣಿಗಳ ಬಿಳಿ ರೆಕ್ಕೆ. ಮಳೆಗಾಲವಾದರೆ ಹೆಸರು, ಶೇಂಗಾ. ಚಳಿ ಬಿದ್ದ ಮೇಲೆ ಕಡಲೆ, ಬಿಳಿಜೋಳ, ಹತ್ತಿ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ತನ್ನ ಕಾವ್ಯ ಈ ಊರಿನ ತಿರುಳ್ಗನ್ನಡದಲ್ಲಿದೆಯೆಂದು ಹತ್ತನೆಯ ಶತಮಾನದಲ್ಲಿ ಪಂಪ ಹೇಳಿಕೊಂಡ. ಸೋಮೇಶ್ವರ ಗುಡಿಯ ಸುತ್ತಲ ಇದೇ ಊರಿನಲ್ಲಿ ಈಗ ಒಂದನೇ ತರಗತಿಗೆ ಬರುವ ಮಗುವಿನ ಮನೆಮಾತು ಕನ್ನಡವೇ ಇರಬೇಕೆಂದಿಲ್ಲ. ಒಬ್ಬಳು ಮನೆಯಲ್ಲಿ 'ಅಮ್ಮಿ' ಎನ್ನುತ್ತಾಳೆ, ತಾಂಡಾದಿಂದ ಬಂದವನು 'ಯಾಡಿ' ಎನ್ನುತ್ತಾನೆ, ಮೂರನೆಯವಳು 'ಯವ್ವಾ' ಎನ್ನುತ್ತಾಳೆ. ಮೂವರೂ ಒಂದೇ ಜಮಖಾನೆಯ ಮೇಲೆ ಕೂತಿದ್ದಾರೆ.

ಇದು ನಲಿ-ಕಲಿ ಕೋಣೆ. ಒಂದು, ಎರಡು, ಮೂರನೇ ತರಗತಿಯವರು ಇಲ್ಲಿ ಕೂಡಿಯೇ ಕೂರುತ್ತಾರೆ. ಬೆಂಚುಗಳಿಲ್ಲ. ಗೋಡೆಯ ಬುಡದಲ್ಲಿ, ಮಗುವಿನ ಕೈಗೆಟುಕುವ ಎತ್ತರದಲ್ಲಿ, ಸುತ್ತಲೂ ಕಪ್ಪು ಪಟ್ಟಿ; ಒಬ್ಬೊಬ್ಬರಿಗೆ ಒಂದೊಂದು ಚೌಕ. ತಲೆಯ ಮೇಲೆ ದಾರ ಕಟ್ಟಿ ಮಾಡಿದ ಚಪ್ಪರದಲ್ಲಿ ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಹೂವು, ಬಣ್ಣ ತುಂಬಿದ ಮಾವಿನಕಾಯಿ ತೂಗಾಡುತ್ತಿವೆ. ಬಾಗಿಲ ಪಕ್ಕದ ಹವಾಮಾನ ನಕ್ಷೆಯಲ್ಲಿ ಇವತ್ತಿನ ಮೋಡವನ್ನು ಆಗಲೇ ಯಾರೋ ಗುರುತಿಸಿ ಆಗಿದೆ. ಗೋಡೆಯ ನಡುವೆ ಕಲಿಕಾ ಏಣಿ: ಮೆಟ್ಟಿಲಿಗೊಂದು ಪುಟ್ಟ ಗುರುತು, ಪ್ರತಿ ಗುರುತಿಗೂ ಟ್ರೇಯಲ್ಲೊಂದು ಕಾರ್ಡು.

ಆರು ವರ್ಷದ ಹುಡುಗಿ ಏಣಿಯ ಮುಂದೆ ನಿಂತು ತಾನು ಎಲ್ಲಿದ್ದೇನೆಂದು ಬೆರಳಿನಿಂದ ಹುಡುಕುತ್ತಾಳೆ. ಸಿಕ್ಕಿತು. ಟ್ರೇಯಿಂದ ಕಾರ್ಡು ತೆಗೆದು ತನ್ನ ಗುಂಪಿಗೆ ಹೋಗಿ ಕೂರುತ್ತಾಳೆ. ಇಲ್ಲಿ ಅಕ್ಷರ ಕಲಿಯುವುದು ಅ, ಆ, ಇ, ಈ ಎಂಬ ಸಾಲಿನಲ್ಲಲ್ಲ. ರ, ಗ, ಸ, ದ, ಅ ಎಂಬ ಐದರಿಂದ. ಕೈ ಹೊರಳುವ ಬಗೆ ಒಂದಕ್ಕೊಂದು ಹತ್ತಿರವಿರುವ ಅಕ್ಷರಗಳಿವು. ಐದು ಬಂದರೆ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಆಮೇಲೆ ಜ, ವ, ಮ, ಬ, ನ. ಹುಡುಗಿ 'ಅಗಸ'ವನ್ನು ಮೂರು ತುಂಡು ಮಾಡಿ ಓದುತ್ತಾಳೆ: ಅ... ಗ... ಸ. ಮತ್ತೊಮ್ಮೆ, ಸ್ವಲ್ಪ ಬೇಗ. ಮೂರನೆಯ ಸಲ ತುಂಡುಗಳು ಕೂಡಿಕೊಂಡು ಪದವಾಗುತ್ತವೆ. ಆಗ ಅವಳು ತಲೆ ಎತ್ತಿ ಅಕ್ಕೋರ ಕಡೆ ನೋಡುತ್ತಾಳೆ. ಅವರು ಬೇರೆ ಗುಂಪಿನಲ್ಲಿದ್ದಾರೆ, ನೋಡಲಿಲ್ಲ. ಪಕ್ಕದ ಎರಡನೇ ತರಗತಿಯ ಹುಡುಗ ನೋಡಿದ. "ಬರೋಬ್ಬರಿ ಐತಿ, ಮುಂದಿಂದು ತಗೋ" ಎಂದ. ಸಹಪಾಠಿ ಬೆಂಬಲವೆಂದು ಪದ್ಧತಿಯಲ್ಲಿ ಕರೆಯುವುದು ಇದನ್ನೇ. ಮಕ್ಕಳು ತಟ್ಟೆಗಳಾಗಿ ಕೂರುತ್ತಾರೆ: ಒಂದು ತಟ್ಟೆಗೆ ಶಿಕ್ಷಕರು ಪೂರ್ತಿ ಬೇಕು, ಇನ್ನೊಂದಕ್ಕೆ ಅರ್ಧ ಸಾಕು, ಮತ್ತೊಂದಕ್ಕೆ ಗೆಳೆಯರು ಸಾಕು, ಕೊನೆಯದಕ್ಕೆ ಯಾರೂ ಬೇಡ.

ಈ ಪದ್ಧತಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಮಾಸ್ತರರು, ಯುನಿಸೆಫ್ ಬೆಂಬಲದಲ್ಲಿ, ಕಾಡಂಚಿನ ಶಾಲೆಗಳಿಗೆಂದು ಕಾರ್ಡು ಬರೆದು ಶುರುಮಾಡಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂತು. ಅದರ ದೊಡ್ಡ ಗುಣ ಏನೆಂದು ತಿಳಿಯಬೇಕಾದರೆ ಮುಂಡರಗಿಯ ಕಡೆ ಹೋಗಬೇಕು.

ಮುಂಡರಗಿಯ ಹಾದಿಯಲ್ಲಿ ಕಪ್ಪತಗುಡ್ಡ ಜೊತೆಗೂಡುತ್ತದೆ. ಮಳೆ ಬಿದ್ದ ತಿಂಗಳಲ್ಲಿ ಹಸುರು, ಉಳಿದ ತಿಂಗಳಲ್ಲಿ ಕೆಂಪು-ಕಂದು. 2019ರಿಂದ ವನ್ಯಜೀವಿ ಧಾಮ. ಗುಡ್ಡದ ಸುತ್ತ ಹಳ್ಳಿ, ತಾಂಡಾ. ಹನ್ನೆರಡೂವರೆಯ ಹೊತ್ತಿಗೆ ಇಲ್ಲಿನ ಸಾಲಿಯ ಅಂಗಳದಲ್ಲಿ ಬೇಳೆ ಸಾಂಬಾರಿನ ವಗ್ಗರಣೆ ಎದ್ದಿರುತ್ತದೆ. ಕೋಣೆಯೊಳಗೆ ಕೂತವರಿಗೆ ಮಗ್ಗಿ ತಪ್ಪತೊಡಗುವುದೂ ಆಗಲೇ. ಗಂಟೆ ಹೊಡೆದೊಡನೆ ನೀರಿನ ತೊಟ್ಟಿಯ ಮುಂದೆ ಕೈತೊಳೆಯುವ ಸಾಲು, ತಾಟಿನ ಠಣತ್ಕಾರ, ಆಮೇಲೆ ಪಡಸಾಲೆಯುದ್ದಕ್ಕೂ ಎದುರುಬದುರು ಪಂಕ್ತಿ. ಅಡುಗೆಯವ್ವ ಅನ್ನದ ಬುಟ್ಟಿ ಸೊಂಟಕ್ಕಿಟ್ಟು ಬಗ್ಗಿ ಬಡಿಸುತ್ತ ಬರುತ್ತಾಳೆ. ಯಾರು ಎರಡನೆಯ ಸಲ ಕೇಳುತ್ತಾರೆ, ಯಾರು ಕೇಳಲು ನಾಚುತ್ತಾರೆ ಎಂಬುದು ಅವಳಿಗೆ ಗೊತ್ತು. ನಾಚುವವರ ತಾಟಿಗೆ ಕೇಳದೆಯೇ ಇನ್ನೊಂದು ಹಿಡಿ ಬೀಳುತ್ತದೆ. ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂಬ ಲೆಕ್ಕ ಗೋಡೆಯ ಮೇಲಿದೆ. ಆ ಒಂದು ಹಿಡಿ ಲೆಕ್ಕದಲ್ಲಿಲ್ಲ.

ತಾಟಿನಲ್ಲಿ ಮೊಟ್ಟೆಯೂ ಇದೆ. ಬೇಡವೆಂದವರಿಗೆ ಬಾಳೆಹಣ್ಣು. ಮೊಟ್ಟೆಯನ್ನು ಒಂದೇ ಏಟಿಗೆ ನುಂಗುವವರಿದ್ದಾರೆ. ಬಿಳಿಯದನ್ನು ಮೊದಲು ಸುತ್ತ ಕಡಿದು, ಹಳದಿ ಉಂಡೆಯನ್ನು ಕೊನೆಗೆಂದು ತಾಟಿನ ಅಂಚಿಗೆ ಇಟ್ಟುಕೊಂಡು ಕಾಯುವವರೂ ಇದ್ದಾರೆ. ಈ ಜಿಲ್ಲೆಗೆ ಮೊಟ್ಟೆ ತಡವಾಗಿ ಬಂತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಕೊಡಲು ಶುರುಮಾಡಿದಾಗ ಗದಗ ಪಟ್ಟಿಯಲ್ಲಿರಲಿಲ್ಲ. ಮೊಟ್ಟೆಯಿಂದ ಏನಾಗುತ್ತದೆಂದು ಅಳೆಯಲು, ಸಿಗುವ ಯಾದಗಿರಿಯ ಮಕ್ಕಳ ಪಕ್ಕಕ್ಕೆ ಸಿಗದ ಗದಗಿನ ಮಕ್ಕಳನ್ನೇ ಇಟ್ಟು ತೂಗಿ ನೋಡಲಾಯಿತು. ಹೆಚ್ಚು ತೂಕ ಏರಿದ್ದು ಯಾದಗಿರಿಯವರದು. ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹರಡಿತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಲ್ಲಿ ವಾರದ ಆರೂ ದಿನ ಸಿಗತೊಡಗಿತು.

ಪಂಕ್ತಿಯಲ್ಲಿ ಅಲ್ಲಲ್ಲಿ ಖಾಲಿ ಜಾಗ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲದಲ್ಲಿ ಅದು ಇನ್ನಷ್ಟು ಹೆಚ್ಚು. ದೊಡ್ಡ ಮಕ್ಕಳು ಹೊಲಕ್ಕೆ ಹೋಗಿರುತ್ತಾರೆ, ಅವರಿಗಿಂತ ಸಣ್ಣವರು ತಮಗಿಂತಲೂ ಸಣ್ಣವರನ್ನು ಆಡಿಸುತ್ತ ಮನೆಯಲ್ಲಿರುತ್ತಾರೆ. ಸುಗ್ಗಿ ಮುಗಿದ ಮೇಲೆ ತಾಂಡಾಗಳ ಬಾಗಿಲುಗಳಿಗೆ ಬೀಗ ಬೀಳುತ್ತದೆ. ಗೋವಾ, ಮಂಗಳೂರಿನ ಕಟ್ಟಡದ ಕೆಲಸಕ್ಕೋ ಕಬ್ಬು ಕಡಿಯಲಿಕ್ಕೋ ಗುಳೆ ಹೊರಟ ಗಾಡಿಯಲ್ಲಿ ಪಾತ್ರೆ ಗಂಟಿನ ಪಕ್ಕ ಮಗುವೂ ಕೂತಿರುತ್ತದೆ. ಹೋದಲ್ಲಿ ಟೆಂಟ್ ಶಾಲೆ, ಉಳಿದಲ್ಲಿ ಋತುಮಾನದ ವಸತಿ ಶಾಲೆ ಎಂಬ ಏರ್ಪಾಡುಗಳಿವೆ, ಎಲ್ಲರಿಗೂ ಎಟುಕುವುದಿಲ್ಲ. ಹಬ್ಬಕ್ಕೋ ಮಳೆಗೋ ತಿರುಗಿ ಬಂದ ಮಗು ಸಾಲಿಗೆ ಕಾಲಿಟ್ಟಾಗ ಏಣಿ ತನ್ನ ಗುಣ ತೋರಿಸುತ್ತದೆ. ತಿಂಗಳುಗಟ್ಟಲೆ ಇಲ್ಲದವಳು 'ಜ ವ ಮ ಬ ನ' ಮೆಟ್ಟಿಲಲ್ಲಿ ಬಿಟ್ಟುಹೋಗಿದ್ದರೆ ಅದೇ ಮೆಟ್ಟಿಲಿಂದ ಹತ್ತುತ್ತಾಳೆ. ಅವಳ ಕಾರ್ಡು ಟ್ರೇಯಲ್ಲೇ ಇರುತ್ತದೆ. ಹಿಂದೆ ಬಿದ್ದೆ ಎಂದು ಯಾರೂ ಹೇಳಬೇಕಾಗಿಲ್ಲ, ಯಾರ ಹಿಂದೆ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಆದರೆ ಏಣಿ ಮೂರನೇ ತರಗತಿಗೆ ಮುಗಿಯುತ್ತದೆ.

ಶಿರಹಟ್ಟಿ ಸೀಮೆಯ ಮಧ್ಯಾಹ್ನ. ಫಕೀರೇಶ್ವರ ಮಠದ ಊರಿದು. ಜಾತ್ರೆಯಲ್ಲಿ ಹಿಂದೂ ಮುಸ್ಲಿಮರು ಕೂಡಿಯೇ ನಡೆಯುತ್ತಾರೆ, ತರಗತಿಯಲ್ಲಿ ಕೂಡಿಯೇ ತೂಕಡಿಸುತ್ತಾರೆ. ಊಟವಾಗಿದೆ, ಹೆಂಚಿನ ಕೆಳಗೆ ಕಾವು, ಕಿಟಕಿಯಾಚೆ ಬೇವಿನ ಮರದಲ್ಲಿ ಅಳಿಲಿನ ಚಿಟಿಗುಟ್ಟು. ಹಳ್ಳಿಯೊಂದರ ಈ ಕೋಣೆಯಲ್ಲಿ ಬೆಂಚುಗಳಿವೆ, ಒಂದೊಂದು ತರಗತಿಯ ಎಲ್ಲರ ಮುಂದೆಯೂ ಒಂದೇ ಪಾಠಪುಸ್ತಕ ಒಂದೇ ಪುಟಕ್ಕೆ ತೆರೆದಿದೆ. ಎಡಕ್ಕೆ ನಾಲ್ಕನೇ ತರಗತಿ, ಬಲಕ್ಕೆ ಐದನೆಯದು, ನಡುವೆ ಒಬ್ಬರೇ ಗುರುಗಳು. ಹುಡುಗನೊಬ್ಬ ಎದ್ದು ನಿಂತು ಓದುತ್ತಾನೆ. ದನಿ ಗಟ್ಟಿ, ಓಟ ಚೆನ್ನ. ಹತ್ತಿರ ಹೋಗಿ ನೋಡಿದರೆ ಬೆರಳು ಮೂರನೇ ಸಾಲಿನಲ್ಲಿದೆ, ದನಿ ಐದನೇ ಸಾಲಿಗೆ ಹೋಗಿದೆ. ಪುಟ ತಿರುವಿ ಇನ್ನೂ ಮಾಡದ ಪಾಠ ತೋರಿಸಿದರೆ ದನಿ ಇಳಿಯುತ್ತದೆ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತದೆ. ಹುಡುಗ ದಡ್ಡನಲ್ಲ. ಇಷ್ಟು ಉದ್ದದ ಪಾಠವನ್ನು ಕಿವಿಯಿಂದಲೇ ಹಿಡಿದಿಟ್ಟುಕೊಂಡವನು ದಡ್ಡನಾಗಿರಲಾರ. ಒತ್ತಕ್ಷರದ ಕಾರ್ಡುಗಳು ನಡೆಯುತ್ತಿದ್ದ ದಿನಗಳಲ್ಲಿ ಅವನು ಊರಲ್ಲಿರಲಿಲ್ಲ, ಅಷ್ಟೆ. ಅವನು ಬರುವಷ್ಟರಲ್ಲಿ ವರ್ಷ ತಿರುಗಿತ್ತು, ತರಗತಿ ಬದಲಾಗಿತ್ತು. ಪಾಠಪುಸ್ತಕಕ್ಕೆ ಏಣಿಯಂತೆ ಕಾಯುವ ಅಭ್ಯಾಸವಿಲ್ಲ.

ಇದು ಒಂದು ಕೋಣೆಯ ಕತೆಯಲ್ಲ. ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸಿ ನೋಡುವ 'ಅಸರ್' ಸಮೀಕ್ಷೆಯ ಪ್ರಕಾರ, ಐದನೇ ತರಗತಿಯ ನೂರು ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಸುಮಾರು 50, 2022ರಲ್ಲಿ 43. ನಡುವೆ ಕೊರೊನಾ ಬಂದು ಹೋಗಿತ್ತು. 2020ರಲ್ಲಿ ವಿದ್ಯಾಗಮದ ಹೆಸರಲ್ಲಿ ಗುಡಿಯ ಕಟ್ಟೆ, ಮರದ ನೆರಳಿಗೆ ಪಾಠ ಹೋಯಿತು, ಅದೂ ನಿಂತಿತು. ನಮ್ಮಲ್ಲಿ ಒಂದರಿಂದ ಐದರವರೆಗಿನ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಬಾಗಿಲು ಮುಚ್ಚಿದ್ದಾಗ ಒಂದನೇ ತರಗತಿಯಲ್ಲಿದ್ದವರು ಕಲಿಕಾ ಏಣಿಯನ್ನು ಸರಿಯಾಗಿ ಕಾಣದೆಯೇ ಮೇಲೇರಿದರು. ಕಳೆದದ್ದನ್ನು ತುಂಬಿಕೊಡಲು 2022-23ರಲ್ಲಿ ಕಲಿಕಾ ಚೇತರಿಕೆ ನಡೆಯಿತು. ನಾಲ್ಕು, ಐದರ ಮಕ್ಕಳಿಗೆಂದು ಓದು ಕರ್ನಾಟಕ, ಗಣಿತ ಕಲಿಕಾ ಆಂದೋಲನಗಳೂ ಇವೆ. ಗಣಿತದ ಪೆಟ್ಟಿಗೆ ಬಿಚ್ಚಿದ ದಿನ ಈ ತೂಕಡಿಸುವ ಕೋಣೆ ಮೈಕೊಡವಿ ಏಳುತ್ತದೆ. ಮಣಿಚೌಕಟ್ಟಿನ ಸುತ್ತ ನಾಲ್ವರು, ಆಟದ ನೋಟುಗಳನ್ನು ಎಣಿಸುತ್ತ ಕಿರಾಣಿ ಅಂಗಡಿ ಹೂಡಿದವರು ಐವರು. ಉದ್ರಿ ಕೊಡೋದಿಲ್ಲ ಎಂದು ಅಂಗಡಿಯವಳು ಗದರಿಸುತ್ತಾಳೆ. ಓದಲು ತೊಡರಿದ ಆ ಹುಡುಗನೇ ಚಿಲ್ಲರೆ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು.

ಪೆಟ್ಟಿಗೆ ದಿನವೂ ಯಾಕೆ ಬಿಚ್ಚುವುದಿಲ್ಲ? ಗುರುಗಳ ಮೇಜು ನೋಡಿದರೆ ತಿಳಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಐದರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಸಣ್ಣ ಊರಿನ ಶಾಲೆಗೆ ಬರುವುದು ಆ ಇಬ್ಬರೇ. ಒಬ್ಬರು ನಲಿ-ಕಲಿಗೆ ಹೋದರೆ ಉಳಿದವರ ಪಾಲಿಗೆ ನಾಲ್ಕು, ಐದು ಎರಡೂ, ಜೊತೆಗೆ ಮುಖ್ಯ ಗುರುಗಳ ಕೆಲಸವೂ. ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ, ಹಾಜರಿ, ಮಕ್ಕಳ ವಿವರ ಕಂಪ್ಯೂಟರಿಗೇರಿಸುವುದು, ತಾಲ್ಲೂಕಿನ ಸಭೆ. ಫೋನು ಗುಂಯ್‌ಗುಟ್ಟುತ್ತದೆ: ಯಾವುದೋ ಮಾಹಿತಿ ಸಂಜೆಯೊಳಗೆ ಬೇಕಂತೆ. ಗುರುಗಳು ಕಪ್ಪುಹಲಗೆಯ ಮೇಲೆ ಎರಡು ಲೆಕ್ಕ ಬರೆದು "ಮಾಡ್ಕೋತ ಕುಂದರ್ರಿ, ಬಂದೆ" ಎಂದು ಹೊರಗೆ ನಡೆಯುತ್ತಾರೆ. ಕೋಣೆಯ ಹಿಂದಿನ ಬೆಂಚಿನಲ್ಲಿ ಆ ಹುಡುಗ, ಅವನ ಮುಂದೆ ಅದೇ ಪುಟ.

ಪುಸ್ತಕದಾಚೆಗೂ ಇಲ್ಲಿ ಓದಲು ಬೇಕಾದಷ್ಟಿದೆ. ಇದೇ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಹಗಲು ನೀರಲ್ಲಿ ತೇಲಾಟ, ಹೊತ್ತು ನೋಡಿ ಸುತ್ತಲ ಹೊಲಗಳಲ್ಲಿ ಮೇಯುವುದು. 2024ರಲ್ಲಿ ಕೆರೆ ರಾಮ್ಸರ್ ಪಟ್ಟಿ ಸೇರಿತು. ಈ ಸೀಮೆಯ ಮಗುವಿಗೆ ಹೆಬ್ಬಾತು ಚಿತ್ರಪಟದ ಹಕ್ಕಿಯಲ್ಲ; ಅಪ್ಪನ ಕಡಲೆ ಹೊಲಕ್ಕೆ ಇಳಿದ ಹಕ್ಕಿ. ಅದನ್ನು ಓಡಿಸಿದ ಕತೆ ಹೇಳೆಂದರೆ ನಾಲ್ಕನೇ ತರಗತಿಯ ಯಾರೂ ಸುಮ್ಮನಿರುವುದಿಲ್ಲ. ಹೇಳಿದ್ದನ್ನು ಹಾಗೆಯೇ ಹಲಗೆಯ ಮೇಲೆ ಬರೆದು ಅದನ್ನೇ ಓದಿಸಿದರೆ, ಒತ್ತಕ್ಷರಕ್ಕೆ ಹೆದರಿದವನೂ ತನ್ನ ಮಾತನ್ನು ತಾನೇ ಗುರುತಿಸುತ್ತಾನೆ. ಇದಕ್ಕೆ ಹೊಸ ಕಟ್ಟಡ ಬೇಡ, ಗೋಡೆಗೊಂದು ಪರದೆಯೂ ಬೇಡ. ಬೇಕಾದದ್ದು ಕೂತು ಕೇಳುವ ಒಬ್ಬರ ಅರ್ಧ ಗಂಟೆ.

ನಾಲ್ಕೂವರೆಯ ಹೊತ್ತಿಗೆ ಖೋಖೋ ಅಂಕಣದ ಧೂಳು ಏಳುತ್ತದೆ. ರಸ್ತೆಯಲ್ಲಿ ಇಂಗ್ಲಿಷ್ ಮಾಧ್ಯಮ ಶಾಲೆಯ ಹಳದಿ ವ್ಯಾನು ಹಾದುಹೋಗುತ್ತದೆ. ಅದರ ಕಿಟಕಿಗಳಲ್ಲೂ ಇದೇ ಊರಿನ ಮಕ್ಕಳು. ತಾಯಂದಿರು ಹೊಲದಿಂದ ಬರುವ ಹೊತ್ತೂ ಇದೇ. 2011ರ ಜನಗಣತಿಯಲ್ಲಿ ಗದಗ ಜಿಲ್ಲೆಯ ಗಂಡಸರ ಸಾಕ್ಷರತೆ ಶೇ. 84 ದಾಟಿತ್ತು, ಹೆಂಗಸರದು ಶೇ. 65ರ ಆಸುಪಾಸು. ಮನೆಯಲ್ಲಿ ಪುಸ್ತಕ ಬಿಡಿಸಿ ಕೂತ ಮಗು ಎಲ್ಲಿ ಎಡವುತ್ತಿದೆಯೆಂದು ಹಿಡಿಯಲು ಎಷ್ಟೋ ತಾಯಂದಿರಿಗೆ ಆಗುವುದಿಲ್ಲ. ಗಟ್ಟಿಯಾಗಿ ಒಪ್ಪಿಸಿದರೆ ಓದು ಬಂತೆಂದೇ ಅವರು ನಂಬುತ್ತಾರೆ. ನಂಬದೆ ಏನು ಮಾಡಿಯಾರು? ಆದ್ದರಿಂದ ಹಿಡಿಯಬೇಕಾದವರು ಸಾಲಿಯವರೇ. ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೆಯ ಕಲಮು, ಸಾಲಿಯಿಂದ ಹೊರಗುಳಿದಿದ್ದು ವಯಸ್ಸಿಗೆ ತಕ್ಕ ತರಗತಿಗೆ ಸೇರಿದ ಮಗುವಿಗೆ ವಿಶೇಷ ತರಬೇತಿಯ ಹಕ್ಕು ಕೊಟ್ಟಿದೆ. ಹೆಸರು ಹಚ್ಚಿಯೂ ಗುಳೆ ಹೋಗಿ ಬಂದವನಿಗೆ ಬೇಕಾದದ್ದೂ ಅದೇ.

ಈ ನಾಲ್ಕು ಊರಿನ ಸಾಲಿಗಳಿಗೆ ಹಾಲು ಬಂದಿದೆ, ಅನ್ನ ಬಂದಿದೆ, ಮೊಟ್ಟೆ ಬಂದಿದೆ, ಬೂಟು ಬಂದಿದೆ; ಮಕ್ಕಳೂ ಬಂದಿದ್ದಾರೆ. ಮೂರನೇ ತರಗತಿಯ ತನಕ ಅವರಿಗಾಗಿ ಕಾಯುವ ಏಣಿಯೂ ಇದೆ. ನಾಲ್ಕನೇ ಇಯತ್ತೆಯ ಹೊಸ್ತಿಲಲ್ಲಿ ಆ ಕಾಯುವಿಕೆ ನಿಲ್ಲಬಾರದು. ಅಲ್ಲಿಗೊಬ್ಬರು ಮೂರನೆಯ ಶಿಕ್ಷಕರು, ಐದರವರೆಗೂ ನಡೆಯುವ ಕಾರ್ಡು, ಕಾಗದಪತ್ರದಿಂದ ಬಿಡುವಾದ ದಿನದ ಒಂದು ಪಿರಿಯಡ್ಡು: ಕೇಳಬೇಕಾದದ್ದು ಇಷ್ಟು. ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗುವ ತಂದೆತಾಯಿಗಳು ಕಾಂಪೌಂಡಿನ ಮಾತು ಮುಗಿದ ಮೇಲೆ ಒಂದು ಕೆಲಸ ಮಾಡಬಹುದು. ನಾಲ್ಕನೇ ತರಗತಿಯ ಮಗುವಿನ ಕೈಗೆ, ಅದು ಎಂದೂ ನೋಡದ ಒಂದು ಪುಟ ಕೊಟ್ಟು "ಓದವ್ವಾ, ಕೇಳೂಣು" ಎನ್ನಬಹುದು. ಸಾಲಿಯ ಗುಣಮಟ್ಟ ಎಷ್ಟೆಂದು ಮೊದಲ ಎರಡು ಸಾಲಿಗೇ ಗೊತ್ತಾಗುತ್ತದೆ.